‘ಅಗ್ರೀ’ ಆದಮೇಲೆ ವಿತ್ ಬರಬೇಕೋ, ಟು ಬರಬೇಕೋ, ಆನ್ ಬರಬೇಕೋ?

ಇಂಗ್ಲಿಷ್ ಕಲಿಯುತ್ತಿರುವ ಕನ್ನಡಿಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ‘ಐ ಅಗ್ರೀ ವಿತ್ ಯು’ ಎಲ್ಲರಿಗೂ ಗೊತ್ತು. ಆದರೆ ಷರತ್ತಿಗೆ ಒಪ್ಪಿದೆ ಎನ್ನಬೇಕಾದಾಗ ವಿತ್ ಹಾಕಬೇಕೋ ಟು ಹಾಕಬೇಕೋ ಎಂದು ಪೆನ್ನು ನಿಲ್ಲುತ್ತದೆ. ಮನೆಯವರು ಮದುವೆಗೆ ಒಪ್ಪಿದರು ಅನ್ನಲು ‘ಅಗ್ರೀಡ್ ಫಾರ್ ದ ಮ್ಯಾರೇಜ್’ ಅಂದರೆ ಏನು ತಪ್ಪು? ಮೇಲ್‌ನಲ್ಲಿ ‘ಐ ಆ್ಯಮ್ ಅಗ್ರೀ’ ಎಂದು ಬರೆದರೆ ಮೇಲಧಿಕಾರಿ ಯಾಕೆ ತಿದ್ದುತ್ತಾರೆ?

ಈ ಗೊಂದಲಕ್ಕೆ ಸ್ಪಷ್ಟವಾದ ಕಾರಣವಿದೆ. ಕನ್ನಡದಲ್ಲಿ ‘ಒಪ್ಪು’ ಎಂಬ ಒಂದೇ ಕ್ರಿಯಾಪದ ಬಹಳಷ್ಟು ಕೆಲಸ ಮಾಡುತ್ತದೆ. ಅಭಿಪ್ರಾಯ ಒಪ್ಪುತ್ತೇವೆ, ಷರತ್ತಿಗೆ ಒಪ್ಪುತ್ತೇವೆ, ತಪ್ಪು ಒಪ್ಪಿಕೊಳ್ಳುತ್ತೇವೆ, ಹುಡುಗಿಯನ್ನು ಒಪ್ಪುತ್ತೇವೆ, ಸೀರೆ ಮೈಬಣ್ಣಕ್ಕೆ ಒಪ್ಪುತ್ತದೆ. ಇಂಗ್ಲಿಷ್ ಈ ಕೆಲಸಗಳಲ್ಲಿ ಕೆಲವನ್ನು ಮಾತ್ರ ‘ಅಗ್ರೀ’ಗೆ ಕೊಟ್ಟಿದೆ, ಉಳಿದದ್ದನ್ನು ಬೇರೆ ಕ್ರಿಯಾಪದಗಳಿಗೆ ಬಿಟ್ಟಿದೆ. ‘ಅಗ್ರೀ’ಗೆ ಕೊಟ್ಟದ್ದನ್ನೂ ವಿತ್, ಟು, ಆನ್ ಎಂಬ ಪುಟ್ಟ ಪದಗಳಿಂದ ಬೇರ್ಪಡಿಸಿದೆ. ಯಾವ ಒಪ್ಪಿಗೆ ಎಂಬುದು ಮೊದಲು ಗೊತ್ತಾಗಬೇಕು, ಪ್ರಿಪೊಸಿಷನ್ ಆಮೇಲೆ ತಾನಾಗಿ ಬರುತ್ತದೆ. ಪಟ್ಟಿ ಬಾಯಿಪಾಠ ಮಾಡುವ ದಾರಿಯಲ್ಲಿ ನನಗೆ ನಂಬಿಕೆಯಿಲ್ಲ.

ಬೇಕಾಗುವುದು ಇಷ್ಟೇ: ಒಂದು ನೋಟ್‌ಬುಕ್, ಮತ್ತು ಆಕ್ಸ್‌ಫರ್ಡ್ ಅಥವಾ ಕೇಂಬ್ರಿಡ್ಜ್‌ನ ಕಲಿಯುವವರ ನಿಘಂಟು. ಎರಡೂ ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಸಾಮಾನ್ಯ ಇಂಗ್ಲಿಷ್–ಕನ್ನಡ ನಿಘಂಟು ಸಾಲದು. ಅದು ಅರ್ಥ ಹೇಳುತ್ತದೆ, ಯಾವ ಪ್ರಿಪೊಸಿಷನ್ ಬರಬೇಕು ಅನ್ನುವುದನ್ನು ಬಹುಮಟ್ಟಿಗೆ ಹೇಳುವುದಿಲ್ಲ. ಪ್ರಿಪೊಸಿಷನ್ ಅಂದರೆ ನಾಮಪದದ ಮೊದಲು ನಿಂತು ನಮ್ಮ ವಿಭಕ್ತಿ ಪ್ರತ್ಯಯಗಳ ಕೆಲಸ ಮಾಡುವ ಪದ. ನಾವು ‘ಷರತ್ತಿಗೆ’ ಎಂದು ಪದದ ಕೊನೆಯಲ್ಲಿ ಸೇರಿಸುವುದನ್ನು ಅವರು ‘ಟು ದ ಕಂಡಿಷನ್’ ಎಂದು ಪದದ ಮುಂದಿಡುತ್ತಾರೆ.

ಹಂತ 1: ‘ಆ್ಯಮ್’ ತೆಗೆದುಹಾಕಿ

ಅತಿ ಹೆಚ್ಚು ಕಾಣುವ ತಪ್ಪು ‘ಐ ಆ್ಯಮ್ ಅಗ್ರೀ’. ‘ಐ ಆ್ಯಮ್ ರೆಡಿ’, ‘ಐ ಆ್ಯಮ್ ಹ್ಯಾಪಿ’ ಸರಿ ಇರುವಾಗ ಇದೇಕೆ ಸರಿಯಲ್ಲ ಎಂದು ಅನ್ನಿಸುವುದು ಸಹಜ. ರೆಡಿ, ಹ್ಯಾಪಿ ಇವು ಸ್ಥಿತಿಯನ್ನು ಹೇಳುವ ವಿಶೇಷಣಗಳು, ಅವಕ್ಕೆ ‘ಆ್ಯಮ್’ ಆಸರೆ ಬೇಕು. ‘ಅಗ್ರೀ’ ತಾನೇ ಕ್ರಿಯಾಪದ. ‘ಐ ಕಮ್’, ‘ಐ ಈಟ್’ ಅನ್ನುವ ಹಾಗೆಯೇ ‘ಐ ಅಗ್ರೀ’. ‘ನನಗೆ ಒಪ್ಪಿಗೆ ಇದೆ’ ಎಂಬ ಕನ್ನಡ ವಾಕ್ಯದ ‘ಇದೆ’ ತಲೆಯಲ್ಲಿ ಉಳಿದು ಇಂಗ್ಲಿಷಿಗೆ ಬಂದಾಗ ಈ ‘ಆ್ಯಮ್’ ನುಸುಳುತ್ತದೆ.

‘ಐ ಆ್ಯಮ್ ಅಗ್ರೀಯಿಂಗ್’ ಕೂಡ ಬೇಡ. ‘ಒಪ್ತಾ ಇದೀನಿ’ ಅನ್ನುವುದರ ನೆರಳು ಅದು. ಅಭಿಪ್ರಾಯ ಹೇಳುವಾಗ ಇಂಗ್ಲಿಷ್ ಸರಳ ವರ್ತಮಾನವನ್ನೇ ಬಳಸುತ್ತದೆ. ನಿಷೇಧಕ್ಕೆ ‘ಐ ಡೋಂಟ್ ಅಗ್ರೀ’. ಹಿಂದೆ ಒಪ್ಪಲಿಲ್ಲ ಅನ್ನಲು ‘ಐ ಡಿಡಂಟ್ ಅಗ್ರೀ’. ಡಿಡ್ ಬಂದ ಮೇಲೆ ‘ಅಗ್ರೀಡ್’ ಬರಕೂಡದು, ಭೂತಕಾಲವನ್ನು ಡಿಡ್ ಆಗಲೇ ಹೇಳಿಬಿಟ್ಟಿದೆ.

ಒಂದು ಕಡೆ ಮಾತ್ರ ಎಚ್ಚರ. ‘ವಿ ಆರ್ ಅಗ್ರೀಡ್’ ಎಂದು ಎಲ್ಲಾದರೂ ಓದಿದರೆ ಅದು ತಪ್ಪಲ್ಲ. ನಾವೆಲ್ಲ ಒಂದೇ ತೀರ್ಮಾನಕ್ಕೆ ಬಂದಿದ್ದೇವೆ ಎಂಬ ಸ್ವಲ್ಪ ಗಂಭೀರ ಪ್ರಯೋಗ ಅದು. ಅಲ್ಲಿ ಕೊನೆಗೆ ‘ಡ್’ ಇದೆ ಎಂಬುದನ್ನು ಗಮನಿಸಿ.

ಉಚ್ಚಾರಣೆಯಲ್ಲಿ ಒತ್ತು ಎರಡನೆಯ ಅಕ್ಷರದ ಮೇಲೆ: ಅ-ಗ್ರೀ. ಮೊದಲಿನ ಅ ಹಗುರ.

ಹಂತ 2: ಮನಸ್ಸು ಒಪ್ಪಿತೋ, ಅನುಮತಿ ಕೊಟ್ಟಿರೋ?

ಇಡೀ ವಿಷಯದ ತಿರುಳು ಇಲ್ಲಿದೆ, ನಿಧಾನವಾಗಿ ಓದಿ.

ಒಬ್ಬರ ಅಭಿಪ್ರಾಯ, ಮಾತು, ವಾದ, ನಿಲುವು ನಿಮಗೂ ಸರಿ ಅನ್ನಿಸಿದರೆ ‘ಅಗ್ರೀ ವಿತ್’. ಇದು ಮನಸ್ಸಿನ ಒಪ್ಪಿಗೆ. ‘ಐ ಅಗ್ರೀ ವಿತ್ ಹರ್’, ‘ಐ ಅಗ್ರೀ ವಿತ್ ಯುವರ್ ಪಾಯಿಂಟ್’, ‘ಐ ಅಗ್ರೀ ವಿತ್ ವಾಟ್ ಯು ಸೆಡ್’. ವಿತ್ ಬಿಟ್ಟು ‘ಐ ಅಗ್ರೀ ಯುವರ್ ಪಾಯಿಂಟ್’ ಅನ್ನುವುದು ನಮ್ಮಲ್ಲಿ ಬಹಳ ಕೇಳಿಬರುತ್ತದೆ, ಅದು ತಪ್ಪು. ಮನುಷ್ಯರ ವಿಷಯಕ್ಕೆ ಯಾವಾಗಲೂ ವಿತ್. ‘ಐ ಅಗ್ರೀ ಟು ಯು’ ಎಂಬ ಪ್ರಯೋಗವೇ ಇಲ್ಲ.

ಯಾರೋ ಮುಂದಿಟ್ಟ ಪ್ರಸ್ತಾಪ, ಷರತ್ತು, ಬೇಡಿಕೆ, ಯೋಜನೆಗೆ ನೀವು ‘ಆಯ್ತು, ಆಗಲಿ’ ಎಂದರೆ ‘ಅಗ್ರೀ ಟು’. ಇದು ಸಮ್ಮತಿ, ಅನುಮತಿ. ಮನಸ್ಸಿಗೆ ಹಿಡಿಸಿದೆಯೋ ಇಲ್ಲವೋ ಎಂಬುದನ್ನು ಟು ಹೇಳುವುದಿಲ್ಲ. ‘ದ ಪೇಷಂಟ್ ಅಗ್ರೀಡ್ ಟು ದ ಆಪರೇಷನ್’, ‘ಹರ್ ಪೇರೆಂಟ್ಸ್ ಅಗ್ರೀಡ್ ಟು ದ ಮ್ಯಾರೇಜ್’.

ವ್ಯತ್ಯಾಸ ಸ್ಪಷ್ಟವಾಗಲು ಈ ಸಂದರ್ಭ ನೋಡಿ. ಮನೆ ಮಾಲೀಕರು ಬಾಡಿಗೆ ಏರಿಸಿದ್ದಾರೆ. ಏರಿಸಿದ್ದು ನ್ಯಾಯ ಅಂತ ನಿಮಗೆ ಅನ್ನಿಸಿಲ್ಲ. ಆದರೆ ಮಕ್ಕಳ ಶಾಲೆ ಹತ್ತಿರದಲ್ಲಿದೆ, ಮನೆ ಬದಲಿಸುವ ಹಾಗಿಲ್ಲ, ಕೊಡುತ್ತೇವೆ ಎಂದಿರಿ. ಇದನ್ನು ಇಂಗ್ಲಿಷ್‌ನಲ್ಲಿ ಒಂದೇ ವಾಕ್ಯದಲ್ಲಿ ಹೇಳಬಹುದು: ‘ಐ ಡಿಡಂಟ್ ಅಗ್ರೀ ವಿತ್ ದ ಇನ್‌ಕ್ರೀಸ್, ಬಟ್ ಐ ಅಗ್ರೀಡ್ ಟು ಇಟ್’. ಒಪ್ಪಲಿಲ್ಲ, ಆದರೂ ಒಪ್ಪಿದೆ. ಕನ್ನಡದಲ್ಲಿ ‘ಮನಸ್ಸಿಲ್ಲದಿದ್ದರೂ ಒಪ್ಪಿದೆ’ ಎಂದು ಬಿಡಿಸಿ ಹೇಳಬೇಕಾದದ್ದನ್ನು ಅಲ್ಲಿ ವಿತ್ ಮತ್ತು ಟು ಎರಡೇ ಹೇಳಿಬಿಡುತ್ತವೆ.

ಕನ್ನಡದ ವಿಭಕ್ತಿ ಸ್ವಲ್ಪ ಮಟ್ಟಿಗೆ ದಾರಿ ತೋರಿಸುತ್ತದೆ. ‘ನಿಮ್ಮ ಮಾತನ್ನು ಒಪ್ಪುತ್ತೇನೆ’ ಎಂದು ‘ಅನ್ನು’ ಬಂದರೆ ಬಹುಪಾಲು ವಿತ್. ‘ನಿಮ್ಮ ಷರತ್ತಿಗೆ ಒಪ್ಪುತ್ತೇನೆ’ ಎಂದು ‘ಗೆ’ ಅಥವಾ ‘ಕ್ಕೆ’ ಬಂದರೆ ಬಹುಪಾಲು ಟು. ಇದನ್ನು ಸುಳಿವು ಎಂದಷ್ಟೇ ತಿಳಿಯಿರಿ, ನಿಯಮ ಎಂದು ಹಿಡಿಯಬೇಡಿ. ‘ನಿಮ್ಮ ಅಭಿಪ್ರಾಯಕ್ಕೆ ನನ್ನ ಸಹಮತವಿದೆ’ ಎಂಬಲ್ಲಿ ‘ಕ್ಕೆ’ ಇದ್ದರೂ ಇಂಗ್ಲಿಷ್‌ನಲ್ಲಿ ವಿತ್ ಬರಬೇಕು. ಅನುಮಾನ ಬಂದಾಗ ಪ್ರತ್ಯಯ ಬಿಟ್ಟು ಪ್ರಶ್ನೆಗೆ ಮರಳಿ: ನನಗೆ ಸರಿ ಅನ್ನಿಸಿತೋ, ನಾನು ಆಗಲಿ ಎಂದೆನೋ?

‘ಅಗ್ರೀ ಫಾರ್’ ಹುಟ್ಟುವುದೂ ಇದೇ ‘ಕ್ಕೆ’ಯಿಂದ. ‘ಅದಕ್ಕೆ’ ಅಂದರೆ ‘ಫಾರ್ ದಟ್’ ಎಂದು ಶಾಲೆಯಲ್ಲಿ ಕಲಿತಿರುತ್ತೇವೆ, ಹಾಗಾಗಿ ‘ಅದಕ್ಕೆ ಒಪ್ಪಿದರು’ ಎಂಬುದು ‘ಅಗ್ರೀಡ್ ಫಾರ್ ದಟ್’ ಆಗುತ್ತದೆ. ಬೆಂಗಳೂರಿನ ಕಚೇರಿಗಳಲ್ಲಿ ಚೆನ್ನಾಗಿ ಇಂಗ್ಲಿಷ್ ಬಲ್ಲವರ ಬಾಯಲ್ಲೂ ಇದು ಬರುತ್ತದೆ. ನಮ್ಮ ನಡುವೆ ಅರ್ಥವಾಗುತ್ತದೆ ನಿಜ. ಹೊರಗಿನವರಿಗೆ ಬರೆಯುವಾಗ, ಪರೀಕ್ಷೆಯಲ್ಲಿ, ಅರ್ಜಿಯಲ್ಲಿ ‘ಅಗ್ರೀಡ್ ಟು ದಟ್’ ಎಂದೇ ಬರೆಯಿರಿ.

ಹಂತ 3: ಮುಂದೆ ಕೆಲಸ ಬಂದರೆ

ಏನಾದರೂ ಮಾಡಲು ಒಪ್ಪಿದರೆ ‘ಅಗ್ರೀ ಟು’ ಆದಮೇಲೆ ಕ್ರಿಯಾಪದದ ಮೂಲರೂಪ: ‘ಹಿ ಅಗ್ರೀಡ್ ಟು ಹೆಲ್ಪ್’, ‘ದೇ ಅಗ್ರೀಡ್ ಟು ಪೇ’. ‘ಅಗ್ರೀಡ್ ಹೆಲ್ಪಿಂಗ್’ ಅನ್ನಬಾರದು. ‘ಆ್ಯಕ್ಸೆಪ್ಟೆಡ್ ಟು ಹೆಲ್ಪ್’ ಕೂಡ ತಪ್ಪು.

ಇಲ್ಲಿ ಮುಗ್ಗರಿಸುವ ಜಾಗ ಒಂದಿದೆ. ‘ಅಪ್ಪ ನಾನು ಹೋಗುವುದಕ್ಕೆ ಒಪ್ಪಿದರು’ ಅನ್ನಲು ‘ಮೈ ಫಾದರ್ ಅಗ್ರೀಡ್ ಮಿ ಟು ಗೋ’ ಎಂದು ಬರೆಯುತ್ತಾರೆ. ಒಪ್ಪಿದವರು ಒಬ್ಬರು, ಕೆಲಸ ಮಾಡುವವರು ಇನ್ನೊಬ್ಬರು ಆದಾಗ ‘ಅಗ್ರೀ’ ಆ ಇನ್ನೊಬ್ಬರನ್ನು ನೇರವಾಗಿ ಹಿಡಿಯಲಾರದು. ನಡುವೆ ‘ಲೆಟ್’ ಬೇಕು: ‘ಮೈ ಫಾದರ್ ಅಗ್ರೀಡ್ ಟು ಲೆಟ್ ಮಿ ಗೋ’. ಅಥವಾ ‘ಅಗ್ರೀಡ್ ದಟ್ ಐ ಕುಡ್ ಗೋ’.

ಅಪ್ಪನನ್ನು ಒಪ್ಪಿಸಿದವರು ನೀವೇ ಆದರೆ ‘ಐ ಗಾಟ್ ಮೈ ಫಾದರ್ ಟು ಅಗ್ರೀ’ ಅಥವಾ ‘ಐ ಪರ್ಸ್ವೇಡೆಡ್ ಮೈ ಫಾದರ್’ ಅನ್ನಿ. ‘ಮೇಡ್ ಹಿಮ್ ಅಗ್ರೀ’ ಎಂದರೆ ಒತ್ತಾಯದಿಂದ ಒಪ್ಪಿಸಿದ ಛಾಯೆ ಬರುತ್ತದೆ.

ಹಂತ 4: ಇಬ್ಬರೂ ಕೂತು ಗೊತ್ತುಮಾಡಿದ್ದಾದರೆ ‘ಆನ್’

ಒಬ್ಬರು ಮುಂದಿಟ್ಟು ಇನ್ನೊಬ್ಬರು ಒಪ್ಪಿದರೆ ಟು. ಇಬ್ಬರೂ ಮಾತಾಡಿ ಒಂದು ತೀರ್ಮಾನಕ್ಕೆ ಬಂದರೆ ಆನ್. ಬೆಲೆ, ತಾರೀಕು, ಜಾಗ, ಹೆಸರು, ಸಂಬಳ ಎಲ್ಲ ಇದರ ಕೆಳಗೆ ಬರುತ್ತವೆ. ‘ದೇ ಅಗ್ರೀಡ್ ಆನ್ ಎ ಪ್ರೈಸ್’: ಚೌಕಾಶಿ ನಡೆದು ಬೆಲೆ ಕುದುರಿತು. ‘ವಿ ಅಗ್ರೀಡ್ ಆನ್ ಮಂಡೇ’: ಸೋಮವಾರ ಎಂದು ಗೊತ್ತುಮಾಡಿಕೊಂಡೆವು. ಇಲ್ಲಿ ಕರ್ತೃ ಸಾಮಾನ್ಯವಾಗಿ ಬಹುವಚನ, ಒಬ್ಬರೇ ಕೂತು ಗೊತ್ತುಮಾಡಿಕೊಳ್ಳಲಾಗುವುದಿಲ್ಲ. ಕಾಗದಪತ್ರಗಳಲ್ಲಿ ಆನ್ ಬದಲಿಗೆ ‘ಅಪಾನ್’ ಕಾಣುತ್ತದೆ, ಅರ್ಥ ಒಂದೇ, ಧಾಟಿ ಮಾತ್ರ ಗಂಭೀರ.

ಬ್ರಿಟಿಷ್ ಪತ್ರಿಕೆ ಓದುವವರು ‘ಅಗ್ರೀಡ್ ಎ ಡೀಲ್’, ‘ಅಗ್ರೀಡ್ ಎ ಪ್ರೈಸ್’ ಎಂದು ಆನ್ ಇಲ್ಲದೆ ಬರೆದದ್ದನ್ನು ನೋಡಿರಬಹುದು. ಅಚ್ಚಿನ ತಪ್ಪಲ್ಲ, ಬ್ರಿಟನ್ನಿನಲ್ಲಿ ಆ ಬಳಕೆ ಇದೆ. ಅಮೆರಿಕದ ಓದುಗರಿಗೆ ಅದು ಅಪರಿಚಿತ. ನೀವು ಆನ್ ಹಾಕಿಯೇ ಬರೆಯಿರಿ, ಎರಡೂ ಕಡೆ ನಡೆಯುತ್ತದೆ.

‘ಅಬೌಟ್’ ಬರುವುದು ವಿಷಯದ ಬಗ್ಗೆ ಒಂದೇ ಅಭಿಪ್ರಾಯ ಇದೆ ಅನ್ನುವಾಗ: ‘ವಿ ಅಗ್ರೀ ಅಬೌಟ್ ಮೋಸ್ಟ್ ಥಿಂಗ್ಸ್’. ಇಲ್ಲಿ ಆನ್ ಹಾಕಿದರೂ ತಪ್ಪಿಲ್ಲ. ಇದಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ.

‘ಅಗ್ರೀ’ ಆದಮೇಲೆ ಪೂರ್ತಿ ವಾಕ್ಯವೇ ಬಂದರೆ ‘ದಟ್’ ಸಾಕು: ‘ಐ ಅಗ್ರೀ ದಟ್ ದ ರೋಡ್ ಈಸ್ ಬ್ಯಾಡ್’. ಇಲ್ಲಿ ವಿತ್ ಸೇರಿಸಿ ‘ಅಗ್ರೀ ವಿತ್ ದಟ್ ದ ರೋಡ್’ ಅನ್ನಬಾರದು. ಸಭೆಯ ನಡಾವಳಿ ಬರೆಯುವಾಗ ‘ಇಟ್ ವಾಸ್ ಅಗ್ರೀಡ್ ದಟ್’ ಎಂದು ಶುರುಮಾಡಿದರೆ ಯಾರು ಹೇಳಿದ್ದು ಎಂಬುದನ್ನು ಬಿಟ್ಟು ತೀರ್ಮಾನವನ್ನಷ್ಟೇ ದಾಖಲಿಸಬಹುದು. ಮೇಲ್‌ನಲ್ಲಿ ‘ಆ್ಯಸ್ ಅಗ್ರೀಡ್’ ಎಂಬ ಎರಡೇ ಪದ ‘ನಾವು ಮಾತಾಡಿಕೊಂಡ ಹಾಗೆ’ ಎಂಬುದನ್ನು ಹೇಳುತ್ತದೆ. ತುಂಬ ಉಪಯುಕ್ತ ಪ್ರಯೋಗ, ರೂಢಿಮಾಡಿಕೊಳ್ಳಿ.

ಹಂತ 5: ಎಲ್ಲ ‘ಒಪ್ಪು’ ‘ಅಗ್ರೀ’ ಅಲ್ಲ

ಪ್ರಿಪೊಸಿಷನ್ ಸರಿಹೋದ ಮೇಲೂ ಉಳಿಯುವ ತಪ್ಪುಗಳು ಇಲ್ಲಿಯವು.

ತಪ್ಪು ಒಪ್ಪಿಕೊಳ್ಳುವುದು ‘ಅಡ್ಮಿಟ್’. ‘ಹಿ ಅಗ್ರೀಡ್ ಹಿಸ್ ಮಿಸ್ಟೇಕ್’ ಎಂಬುದು ನಮ್ಮಲ್ಲಿ ದಿನವೂ ಕೇಳುವ ವಾಕ್ಯ. ‘ಹಿ ಅಡ್ಮಿಟೆಡ್ ಹಿಸ್ ಮಿಸ್ಟೇಕ್’ ಎಂದಾಗಬೇಕು. ಪೊಲೀಸರ ಮುಂದೆ ಅಪರಾಧ ಒಪ್ಪಿಕೊಂಡರೆ ‘ಕನ್ಫೆಸ್’.

ಕೊಟ್ಟದ್ದನ್ನು ಸ್ವೀಕರಿಸುವುದು ‘ಆ್ಯಕ್ಸೆಪ್ಟ್’. ಆಹ್ವಾನ, ಉದ್ಯೋಗದ ಆಫರ್, ಕ್ಷಮಾಪಣೆ, ರಾಜೀನಾಮೆ ಇವೆಲ್ಲ ಆ್ಯಕ್ಸೆಪ್ಟ್ ಆಗುತ್ತವೆ. ಕಂಪನಿ ನಿಮ್ಮ ರಾಜೀನಾಮೆಯನ್ನು ಒಪ್ಪಿದರೆ ‘ಆ್ಯಕ್ಸೆಪ್ಟೆಡ್ ಮೈ ರೆಸಿಗ್ನೇಷನ್’. ‘ಅಗ್ರೀಡ್’ ಅಲ್ಲ.

ಸರ್ಕಾರ, ಬ್ಯಾಂಕು, ಮೇಲಧಿಕಾರಿ ಅಧಿಕೃತವಾಗಿ ಮಂಜೂರು ಮಾಡಿದರೆ ‘ಅಪ್ರೂವ್’. ಸಾಲ ಅಪ್ರೂವ್ ಆಗುತ್ತದೆ, ನಕ್ಷೆ ಅಪ್ರೂವ್ ಆಗುತ್ತದೆ.

‘ಈ ಬಣ್ಣ ನಿನಗೆ ಒಪ್ಪುತ್ತೆ’ ಎಂದರೆ ‘ಸೂಟ್ಸ್’. ಮಕ್ಕಳು ಮೇಷ್ಟ್ರಿಗೆ ಪಾಠ ಒಪ್ಪಿಸಿದರೆ ‘ರಿಸೈಟ್’. ಬೀಗದ ಕೈ ಒಪ್ಪಿಸಿದರೆ ‘ಹ್ಯಾಂಡ್ ಓವರ್’.

ಹಂತ 6: ಊಟ, ಲೆಕ್ಕ, ವ್ಯಾಕರಣ

‘ಅಗ್ರೀ’ಗೆ ಮನುಷ್ಯರ ಒಪ್ಪಿಗೆಗೆ ಸಂಬಂಧಿಸದ ಅರ್ಥಗಳೂ ಇವೆ. ಊಟ, ನೀರು, ಹವೆ ಮೈಗೆ ಒಗ್ಗುವುದಕ್ಕೆ ‘ಅಗ್ರೀ ವಿತ್’ ಬಳಸುತ್ತಾರೆ, ಹೆಚ್ಚಾಗಿ ನಿಷೇಧದಲ್ಲಿ. ‘ಮಿಲ್ಕ್ ಡಸಂಟ್ ಅಗ್ರೀ ವಿತ್ ಮಿ’ ಅಂದರೆ ಹಾಲು ನನಗೆ ಆಗಿಬರುವುದಿಲ್ಲ. ವೈದ್ಯರ ಹತ್ತಿರ, ವಿದೇಶದಲ್ಲಿ ಊಟಕ್ಕೆ ಕರೆದಾಗ, ಈ ವಾಕ್ಯ ಬಹಳ ಕೆಲಸಕ್ಕೆ ಬರುತ್ತದೆ. ಯಾರಿಗೂ ಬೇಸರವಾಗದ ಹಾಗೆ ಬೇಡ ಅನ್ನಬಹುದು.

ಎರಡು ಲೆಕ್ಕ ತಾಳೆಯಾಗದಿದ್ದರೆ ‘ದ ಫಿಗರ್ಸ್ ಡೋಂಟ್ ಅಗ್ರೀ’. ಭಾರತದಲ್ಲಿ ‘ಟ್ಯಾಲಿ’ ಹೆಚ್ಚು ರೂಢಿ, ಎರಡೂ ಸರಿ.

ಪರೀಕ್ಷೆ ಬರೆಯುವವರಿಗೆ ಮುಖ್ಯವಾದದ್ದು ವ್ಯಾಕರಣದ ಅಗ್ರಿಮೆಂಟ್: ಕ್ರಿಯಾಪದ ಕರ್ತೃವಿಗೆ ಹೊಂದಿಕೊಳ್ಳುವುದು. ಕನ್ನಡದಲ್ಲಿ ಇದು ಇನ್ನೂ ಕಟ್ಟುನಿಟ್ಟು. ಬಂದನು, ಬಂದಳು, ಬಂದಿತು, ಬಂದರು ಎಂದು ಲಿಂಗ, ವಚನ, ಪುರುಷ ಮೂರಕ್ಕೂ ಬದಲಿಸುತ್ತೇವೆ. ಇಂಗ್ಲಿಷ್‌ನಲ್ಲಿ ಬಹುಮಟ್ಟಿಗೆ ವರ್ತಮಾನದ ‘ಸ್’ ಒಂದೇ ಉಳಿದಿದೆ. ಆದರೂ ‘ಒನ್ ಆಫ್ ಮೈ ಫ್ರೆಂಡ್ಸ್’ ಬಂದಾಗ ಎಡವುತ್ತೇವೆ. ಕರ್ತೃ ‘ಒನ್’, ‘ಫ್ರೆಂಡ್ಸ್’ ಅಲ್ಲ. ಆದ್ದರಿಂದ ‘ಒನ್ ಆಫ್ ಮೈ ಫ್ರೆಂಡ್ಸ್ ಲಿವ್ಸ್ ಇನ್ ಮೈಸೂರು’.

ಹಂತ 7: ಒಪ್ಪದಿರುವುದನ್ನು ಹೇಳುವುದು

‘ಡಿಸಗ್ರೀ’ ಜೊತೆ ವಿತ್, ಆನ್, ಅಬೌಟ್ ಬರುತ್ತವೆ, ಟು ಬರುವುದಿಲ್ಲ. ಮಾಡಲು ಒಪ್ಪಲಿಲ್ಲ ಅನ್ನಲು ‘ಡಿಸಗ್ರೀಡ್ ಟು ಪೇ’ ಎಂದು ಬರೆಯಬೇಡಿ. ‘ರೆಫ್ಯೂಸ್ಡ್ ಟು ಪೇ’ ಅಥವಾ ‘ಡಿಡಂಟ್ ಅಗ್ರೀ ಟು ಪೇ’ ಎಂದು ಬರೆಯಿರಿ.

ಎದುರಿಗಿರುವವರಿಗೆ ನೇರವಾಗಿ ‘ಐ ಡಿಸಗ್ರೀ’ ಅಂದರೆ ಗಡಸಾಗಿ ಕೇಳುತ್ತದೆ. ಹಿರಿಯರು, ಗ್ರಾಹಕರ ಜೊತೆ ‘ಐ ಆ್ಯಮ್ ನಾಟ್ ಶೂರ್ ಐ ಅಗ್ರೀ’ ಅಥವಾ ‘ಐ ಅಗ್ರೀ ಅಪ್ ಟು ಎ ಪಾಯಿಂಟ್’ ಅನ್ನಿ. ಎರಡನೆಯದಕ್ಕೆ ಒಂದು ಮಟ್ಟದವರೆಗೆ ಒಪ್ಪುತ್ತೇನೆ ಎಂದರ್ಥ, ಮುಂದೆ ‘ಆದರೆ’ ಬರುತ್ತದೆ ಎಂದು ಕೇಳುವವರಿಗೆ ತಿಳಿಯುತ್ತದೆ.

‘ಐ ಕುಡಂಟ್ ಅಗ್ರೀ ಮೋರ್’ ಕೇಳಿ ಗಾಬರಿಯಾಗಬೇಡಿ. ‘ಕುಡಂಟ್’ ಇರುವುದರಿಂದ ಒಪ್ಪಲಾರೆ ಎಂದು ತಿಳಿಯುವವರು ಬಹಳ. ಅರ್ಥ ತದ್ವಿರುದ್ಧ: ಇದಕ್ಕಿಂತ ಹೆಚ್ಚಾಗಿ ಒಪ್ಪಲು ಸಾಧ್ಯವೇ ಇಲ್ಲ, ಅಷ್ಟು ಪೂರ್ತಿಯಾಗಿ ಒಪ್ಪುತ್ತೇನೆ. ‘ಮೋರ್’ ನುಂಗಿಬಿಟ್ಟರೆ ಅರ್ಥ ತಿರುಗಿಬೀಳುತ್ತದೆ, ಆಡುವಾಗ ಎಚ್ಚರ. ‘ಅಗ್ರೀ ಟು ಡಿಸಗ್ರೀ’ ಎಂದರೆ ನಿಮ್ಮ ಮಾತು ನಿಮಗೆ ನಮ್ಮ ಮಾತು ನಮಗೆ, ಜಗಳ ಬೇಡ ಎಂದು ವಾದ ನಿಲ್ಲಿಸುವುದು.

ವಿದೇಶಕ್ಕೆ ಓದಲು, ಕೆಲಸಕ್ಕೆ ಹೋಗುವವರು ಬರೆಯುವ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ, ಬರವಣಿಗೆ ವಿಭಾಗದ ಎರಡನೆಯ ಭಾಗವಾದ ಪ್ರಬಂಧಕ್ಕೆ ‘ಟು ವಾಟ್ ಎಕ್ಸ್‌ಟೆಂಟ್ ಡು ಯು ಅಗ್ರೀ ಆರ್ ಡಿಸಗ್ರೀ’ ಎಂಬ ಪ್ರಶ್ನೆ ಆಗಾಗ ಬರುತ್ತದೆ. ಕನಿಷ್ಠ 250 ಪದ, ಸುಮಾರು 40 ನಿಮಿಷ. ‘ಎಷ್ಟರ ಮಟ್ಟಿಗೆ’ ಎಂದು ಕೇಳಿದ್ದಾರೆ ಎಂಬುದನ್ನು ಮರೆತು ಎರಡೂ ಪಕ್ಷಗಳನ್ನು ವಿವರಿಸಿ ನಿಲುವೇ ಹೇಳದೆ ಮುಗಿಸುವವರು ಅಂಕ ಕಳೆದುಕೊಳ್ಳುತ್ತಾರೆ. ಮೊದಲ ಪ್ಯಾರಾದಲ್ಲೇ ನಿಲುವು ಬರಲಿ. ಭಾಗಶಃ ಒಪ್ಪುವುದಾದರೆ ಯಾವ ಭಾಗ ಎಂದು ಹೇಳಿ.

ಹಂತ 8: ಸಹಿ ಹಾಕುವ ಮುನ್ನ

ಕರಾರು ಪತ್ರಕ್ಕೆ ನಾವೆಲ್ಲ ‘ಅಗ್ರಿಮೆಂಟ್’ ಅನ್ನುತ್ತೇವೆ. 1872ರ ಭಾರತೀಯ ಕರಾರು ಕಾಯ್ದೆ ಅಗ್ರಿಮೆಂಟ್ ಮತ್ತು ಕಾಂಟ್ರ್ಯಾಕ್ಟ್ ಎರಡನ್ನೂ ಬೇರೆಯಾಗಿ ಇಟ್ಟಿದೆ: ಕಾನೂನಿನ ಮೂಲಕ ಜಾರಿ ಮಾಡಿಸಬಹುದಾದ ಅಗ್ರಿಮೆಂಟ್ ಮಾತ್ರ ಕಾಂಟ್ರ್ಯಾಕ್ಟ್. ಅದೇ ಕಾಯ್ದೆಯ 13ನೇ ಸೆಕ್ಷನ್ ಸಮ್ಮತಿ ಅಂದರೆ ಏನು ಎಂದು ಹೇಳುವಾಗ ‘ಅಗ್ರೀ ಅಪಾನ್’ ಎಂದೇ ಬಳಸುತ್ತದೆ. ಇಬ್ಬರು ಅಥವಾ ಹೆಚ್ಚು ಮಂದಿ ಒಂದೇ ವಿಷಯಕ್ಕೆ ಒಂದೇ ಅರ್ಥದಲ್ಲಿ ಒಪ್ಪಿದಾಗ ಸಮ್ಮತಿ. 4ನೇ ಹಂತದ ಆನ್ ಇಲ್ಲಿ ಕಾನೂನಿನ ಭಾಷೆಯಲ್ಲಿ ಕಾಣುತ್ತಿದೆ.

ಕರಾರಿನಲ್ಲಿ ‘ದ ಟೆನಂಟ್ ಅಗ್ರೀಸ್ ಟು’ ಎಂದು ಶುರುವಾಗುವ ಪ್ರತಿ ಸಾಲೂ ಬಾಡಿಗೆದಾರನ ಮೇಲೆ ಬೀಳುವ ಜವಾಬ್ದಾರಿ. ನೀವು ಬಾಡಿಗೆಗೆ ಹೋಗುವವರಾದರೆ ಆ ಸಾಲುಗಳನ್ನು ಪೆನ್ಸಿಲ್‌ನಲ್ಲಿ ಗುರುತು ಮಾಡಿಕೊಂಡು ಓದಿ. ‘ಅನ್‌ಲೆಸ್ ಅದರ್‌ವೈಸ್ ಅಗ್ರೀಡ್’ ಎಂದಿದ್ದರೆ, ಬೇರೆ ರೀತಿ ಮಾತಾಗದ ಹೊರತು ಈ ನಿಯಮವೇ ನಡೆಯುತ್ತದೆ ಎಂದರ್ಥ. ಬೇರೆ ಮಾತಾಗಿದ್ದರೆ ಅದನ್ನೂ ಬರಹದಲ್ಲಿ ಹಾಕಿಸಿ. ಮೊಬೈಲ್‌ನಲ್ಲಿ ‘ಐ ಅಗ್ರೀ’ ಗುಂಡಿ ಒತ್ತುವುದೂ ಸಮ್ಮತಿಯೇ. ಎಲೆಕ್ಟ್ರಾನಿಕ್ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಕರಾರು ಅಸಿಂಧುವಾಗದು ಎಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಸೆಕ್ಷನ್ ಹೇಳುತ್ತದೆ.

ಹಂತ 9: ನೀವೇ ಮಾಡಿ ನೋಡಿ

ಕೆಳಗಿನ ವಾಕ್ಯಗಳನ್ನು ಮೊದಲು ನೋಟ್‌ಬುಕ್‌ನಲ್ಲಿ ಇಂಗ್ಲಿಷಿಗೆ ಬರೆಯಿರಿ, ಆಮೇಲೆ ಉತ್ತರ ನೋಡಿ.

1. ಎರಡೂ ಕಡೆಯವರು ಇನ್ನೂ ತಾರೀಕು ಗೊತ್ತುಮಾಡಿಲ್ಲ.
2. ಅಮ್ಮ ನಾನು ಹಾಸ್ಟೆಲ್‌ನಲ್ಲಿ ಇರುವುದಕ್ಕೆ ಒಪ್ಪಿದರು.
3. ಅಂಗಡಿಯವರು ತಮ್ಮ ತಪ್ಪನ್ನು ಒಪ್ಪಿಕೊಂಡರು.
4. ಈ ಊರಿನ ನೀರು ನನಗೆ ಒಗ್ಗುವುದಿಲ್ಲ.
5. ಅವರು ಹುಡುಗನನ್ನು ಒಪ್ಪಿದರು, ವರದಕ್ಷಿಣೆಗೆ ಒಪ್ಪಲಿಲ್ಲ.

ಮೊದಲನೆಯದು ‘ದ ಟೂ ಸೈಡ್ಸ್ ಹ್ಯಾವಂಟ್ ಅಗ್ರೀಡ್ ಆನ್ ಎ ಡೇಟ್’. ಎರಡನೆಯದಕ್ಕೆ ಲೆಟ್ ಬೇಕು: ‘ಮೈ ಮದರ್ ಅಗ್ರೀಡ್ ಟು ಲೆಟ್ ಮಿ ಸ್ಟೇ ಇನ್ ಎ ಹಾಸ್ಟೆಲ್’. ಮೂರನೆಯದು ‘ಅಡ್ಮಿಟೆಡ್’. ನಾಲ್ಕನೆಯದು ‘ದ ವಾಟರ್ ಹಿಯರ್ ಡಸಂಟ್ ಅಗ್ರೀ ವಿತ್ ಮಿ’.

ಐದನೆಯದರಲ್ಲಿ ಕನ್ನಡದ ‘ಒಪ್ಪು’ ಎರಡು ಸಲ ಬಂದಿದೆ, ಇಂಗ್ಲಿಷ್‌ನಲ್ಲಿ ಎರಡು ಬೇರೆ ಕ್ರಿಯಾಪದ ಬೇಕು: ‘ದೇ ಲೈಕ್ಡ್ ದ ಬಾಯ್, ಬಟ್ ದೇ ಡಿಡಂಟ್ ಅಗ್ರೀ ಟು ದ ಡೌರಿ’. ಟು ಹಾಕಿದ್ದರಿಂದ, ಕೇಳಿದ್ದನ್ನು ಕೊಡಲು ನಿರಾಕರಿಸಿದರು ಎಂಬಷ್ಟೇ ಅರ್ಥ. ವರದಕ್ಷಿಣೆ ಎಂಬ ಪದ್ಧತಿಯನ್ನೇ ಅವರು ಒಪ್ಪುವವರಲ್ಲ ಎಂದು ಹೇಳಬೇಕಿದ್ದರೆ ‘ದೇ ಡೋಂಟ್ ಅಗ್ರೀ ವಿತ್ ಡೌರಿ’ ಎಂದು ಬರೆಯಬೇಕು.